ಒಳಕಲ್ಲು ಇದ್ದ ಜಾಗ

ಮೂರು ವರ್ಷದ ಹಿಂದಿನ ಮೇ ತಿಂಗಳು. ಹಿನ್ನೀರು ಇಳಿದಿತ್ತು. ಅವ್ವ, ಅಣ್ಣ, ನಾನು ಮೂವರೂ ಹಳೇ ಬಾಗಲಕೋಟೆಯ ಕೆಳಗಿನ ಓಣಿಗಳ ಕಡೆ ನಡೆದೆವು. ಓಣಿ ಅಂತ ಹೇಳೋಕೆ ಅಲ್ಲಿ ಈಗ ಏನೂ ಉಳಿದಿಲ್ಲ. ಒಣಗಿ ಬಿರುಕು ಬಿಟ್ಟ ಕೆಸರು, ಅಲ್ಲಲ್ಲಿ ಜಾಲಿ ಕಂಟಿ, ಮೊಣಕಾಲೆತ್ತರಕ್ಕೆ ನಿಂತ ಗೋಡೆಯ ಬುಡಗಳು. ವರ್ಷವರ್ಷವೂ ನೀರು ಕುಡಿದ ಮಣ್ಣಿನ ಗೋಡೆಗಳು ಕರಗಿ ದಿಬ್ಬಗಳಾಗಿವೆ. ಯಾವುದು ಯಾರ ಮನೆ ಅಂತ ನನಗೆ ಒಂದಿಷ್ಟೂ ತಿಳಿಯಲಿಲ್ಲ.

ಅವ್ವ ಮಾತಾಡದೆ ನೆಲ ನೋಡುತ್ತಾ ಮುಂದೆ ಹೋದಳು. ಒಂದು ಕಡೆ ನಿಂತಳು. ಚಪ್ಪಲಿ ಬಿಟ್ಟು, ಕಾಲಿನಿಂದ ಮಣ್ಣು ಕೆರೆದಳು. ದುಂಡಗಿನ ಕಲ್ಲಿನ ಅಂಚು ಕಾಣಿಸಿತು. ಅಲ್ಲೇ ಕುಕ್ಕುರುಗಾಲಲ್ಲಿ ಕೂತು ಕೈಯಿಂದ ಕೆಸರು ತೆಗೆಯತೊಡಗಿದಳು. ಮೇಲೆ ಒಣ ಹೆಂಟೆ, ಅದರ ಕೆಳಗೆ ಹಿಟ್ಟಿನಂಥ ನುಣ್ಣನೆ ಮಣ್ಣು, ಇನ್ನೂ ಕೆಳಗೆ ಹಸಿ ಕಪ್ಪು ಕೆಸರು. ತಳದಲ್ಲಿ ಎರಡು ಕಪ್ಪೆಚಿಪ್ಪು. ಮೊಣಕೈ ಮುಳುಗುವಷ್ಟು ಆಳ ಆದಮೇಲೆ ಕಲ್ಲಿನ ತಳ ಸಿಕ್ಕಿತು.

‘ನಮ್ಮ ಒಳಕಲ್ಲು ನೋಡು ಇದು’ ಅಂದಳು.

‘ಹೆಂಗ ಗೊತ್ತಾತು ನಿನಗ?’ ಅಂತ ಅಣ್ಣ ಕೇಳಿದ.

‘ಈ ಕಡೆ ಅಂಚು ಒಡದೈತಿ. ನೀ ಹುಟ್ಟಿದ ವರ್ಷ ನಿಮ್ಮ ಅಜ್ಜನ ಕೈಯಾನ ಹಾರೆ ಬಿದ್ದು ಒಡದಿತ್ತು.’

ಒಡೆದ ಅಂಚಿನ ಮೇಲೆ ಅವ್ವನ ಹೆಬ್ಬೆರಳು ಸರಿಯಾಗಿ ಕೂತಿತು. ರಂಜಕ ರುಬ್ಬುವಾಗ ಕಲ್ಲನ್ನು ಹಿಡಿದುಕೊಳ್ಳುತ್ತಿದ್ದ ಜಾಗ ಅದು.

ಆಮೇಲೆ ನಡೆದದ್ದನ್ನು ನಾನು ಮರೆಯೋದಿಲ್ಲ. ಒಳಕಲ್ಲು ಸಿಕ್ಕ ಕೂಡಲೇ ಇಡೀ ಮನೆ ಸಿಕ್ಕಿತು. ಅವ್ವ ಎದ್ದು ನಿಂತು ಎಡಕ್ಕೆ ಕೈ ಮಾಡಿದಳು: ಇಲ್ಲಿ ಒಲೆ. ನಾಲ್ಕು ಹೆಜ್ಜೆ ನಡೆದು, ಇಲ್ಲಿ ಪಡಸಾಲೆ. ಇನ್ನೂ ಆರು ಹೆಜ್ಜೆ, ಇಲ್ಲಿ ದನದ ಗ್ವಾದಲಿ. ಕಾಲಿನಿಂದ ಕೆರೆದರೆ ಹಾಸುಗಲ್ಲು ಇತ್ತು. ಇಲ್ಲಿ ನೆಲದೊಳಗೆ ಜೋಳ ತುಂಬಿಡುವ ಹಗೇವು, ಹುಷಾರು, ಕಾಲು ಕುಸಿದೀತು. ಇಲ್ಲಿ ಹೊಸ್ತಿಲು. ಹೊಸ್ತಿಲ ಕಲ್ಲು ಇರಲಿಲ್ಲ, ಆದರೆ ಅವ್ವ ಕಾಲು ಎತ್ತಿ ದಾಟಿದಳು.

ಬಾಗಲಕೋಟೆಯವರಿಗೆ ‘ಮುಳುಗಡೆ’ ಅನ್ನೋ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗೆ ಎರಡೇ ಮಾತು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟ್ 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು ಒಪ್ಪಿಗೆ ಕೊಟ್ಟಿತು. ಕೃಷ್ಣೆಯ ಹಿನ್ನೀರು ಘಟಪ್ರಭೆಯ ಮೈಮೇಲೆ ಹಿಂದಕ್ಕೆ ಏರಿತು, ಊರಿನ ತಗ್ಗಿನ ಭಾಗ ಒಳಗೆ ಹೋಯಿತು, ನಾವು ಮುಳುಗಡೆಯವರಿಗೆ ಕಟ್ಟಿದ ನವನಗರಕ್ಕೆ ಬಂದೆವು. ಪರಿಹಾರದ ಪಟ್ಟಿಯಲ್ಲಿ ನಮ್ಮ ಮನೆಯ ಉದ್ದ ಅಗಲ ಇತ್ತು, ಗೋಡೆ ಮಣ್ಣಿನದು ಅಂತ ಬರೆದಿತ್ತು. ಹಗೇವಿನ ಮಾತು ಇರಲಿಲ್ಲ. ಅಜ್ಜ ಸಾಯುವವರೆಗೂ ಅದನ್ನೇ ಹೇಳುತ್ತಿದ್ದ.

ನೀರಿನ ಕೆಳಗಿನ ಪುರಾತತ್ವದ ಬಗ್ಗೆ ನಾನು ಓದಲು ಶುರು ಮಾಡಿದ್ದು ಒಳಕಲ್ಲು ಸಿಗುವುದಕ್ಕೂ ಮೊದಲೇ. ಕೃಷ್ಣನ ದ್ವಾರಕೆ ಸಮುದ್ರದಲ್ಲಿ ಮುಳುಗಿತಂತೆ, ಅದನ್ನು ಹುಡುಕಿದವರು ಒಬ್ಬ ಕನ್ನಡಿಗರಂತೆ ಅಂತ ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದರು. ಊರೇ ಮುಳುಗುತ್ತಿದ್ದ ಹೊತ್ತಿನಲ್ಲಿ ಹುಡುಗನೊಬ್ಬನಿಗೆ ಆ ಮಾತು ಎಷ್ಟು ಆಳಕ್ಕೆ ಇಳಿದಿರಬೇಕು ನೋಡಿ. ನಮ್ಮ ಓಣಿಯನ್ನೂ ಮುಂದೆ ಯಾರಾದರೂ ಹುಡುಕುತ್ತಾರೆ ಅಂತ ನಾನು ಗಟ್ಟಿಯಾಗಿ ನಂಬಿದ್ದೆ.

ಆ ಕನ್ನಡಿಗರು ಎಸ್.ಆರ್. ರಾವ್. ಹೆಸರಿನ ಮೊದಲಿನ ‘ಎಸ್’ ಅಂದರೆ ಶಿಕಾರಿಪುರ. ಗುಜರಾತಿನ ಲೋಥಲ್‌ನಲ್ಲಿ 1950ರ ದಶಕದಲ್ಲಿ ಸಿಂಧೂ ನಾಗರಿಕತೆಯ ಊರನ್ನು ಅಗೆದು ತೆಗೆದವರು ಅವರೇ. ಅಲ್ಲಿ ಸುಟ್ಟ ಇಟ್ಟಿಗೆಯ ದೊಡ್ಡ ಕಟ್ಟೆ ಸಿಕ್ಕಿತು. ಸುಮಾರು 215 ಮೀಟರ್ ಉದ್ದ, 37 ಮೀಟರ್ ಅಗಲ. ಅದು ಹಡಗು ನಿಲ್ಲುವ ಕಟ್ಟೆ ಅಂತ ರಾವ್ ಹೇಳಿದರು. ಅಲ್ಲ, ನೀರು ತುಂಬಿಡುವ ಕೆರೆ ಅಂತ ವಾದ ಮಾಡಿದವರೂ ಇದ್ದಾರೆ. ಆಮೇಲೆ 1980ರ ದಶಕದಲ್ಲಿ ಅವರು ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವದ ಕೆಲಸ ಕಟ್ಟಿದರು. ನಮ್ಮ ದೇಶದಲ್ಲಿ ಈ ವಿದ್ಯೆ ನೆಲೆ ನಿಂತದ್ದು ಅಲ್ಲಿಂದ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಗೋವಾ. ಅಷ್ಟು ಹತ್ತಿರದಲ್ಲಿ ಈ ಕೆಲಸ ನಡೆಯುತ್ತಿತ್ತು ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ದ್ವಾರಕೆಯ ಕಡಲಲ್ಲಿ ಮುಳುಗುಗಾರರು ಏನು ಮಾಡುತ್ತಾರೆ? ಮಳೆಗಾಲದಲ್ಲಿ ಸಮುದ್ರ ಒಳಗೆ ಬಿಡೋದಿಲ್ಲ. ಚಳಿಗಾಲದಲ್ಲಿ ನೀರು ಸ್ವಲ್ಪ ತಿಳಿಯಾದಾಗ ಇಳಿಯಬೇಕು. ಕಲ್ಲುಗಳ ಮೇಲೆ ಪಾಚಿ ಮತ್ತು ಕಡಲ ಕಳೆ ಬೆಳೆದಿರುತ್ತದೆ. ಅದನ್ನು ಉಜ್ಜಿ ತೆಗೆದ ಮೇಲೇ ಇದು ಕೆತ್ತಿದ ಕಲ್ಲೋ, ಬರೀ ಬಂಡೆಯೋ ಅಂತ ತಿಳಿಯೋದು. ಅಲೆ ಎಳೆಯುತ್ತಿರುತ್ತದೆ, ಒಂದು ಕೈಯಲ್ಲಿ ಟೇಪು ಹಿಡಿಯಬೇಕು, ಇನ್ನೊಂದು ಕೈಯಲ್ಲಿ ನೀರಿನಲ್ಲೂ ಬರೆಯುವ ಹಲಗೆ. ಈ ಕಲ್ಲಿನಿಂದ ಆ ಕಲ್ಲಿಗೆ ಎಷ್ಟು ದೂರ, ಯಾವ ದಿಕ್ಕು, ಎಷ್ಟು ಆಳ. ಬರೆದುಕೊಂಡು ಮೇಲೆ ಬರಬೇಕು. ಮತ್ತೆ ಇಳಿಯಬೇಕು. ನಿಧಿ ಹುಡುಕುವ ಕೆಲಸ ಅಂತ ಜನ ಅಂದುಕೊಳ್ಳುತ್ತಾರೆ. ನಿಜದಲ್ಲಿ ಇದು ಅಳೆಯುವ ಕೆಲಸ. ಅವ್ವ ಹೆಜ್ಜೆ ಎಣಿಸಿದ್ದು ಅದೇ ಅಲ್ವಾ?

ದ್ವಾರಕೆಯಲ್ಲಿ ಜಾಸ್ತಿ ಸಿಕ್ಕಿದ್ದು ಕಲ್ಲಿನ ಲಂಗರುಗಳು, ನೂರಕ್ಕೂ ಹೆಚ್ಚು. ಒಂದು ಬಗೆ ಚಪ್ಪಟೆ, ಮೂರು ಮೂಲೆಯದು. ಮೇಲೆ ಹಗ್ಗ ಪೋಣಿಸಲು ದುಂಡಗಿನ ತೂತು, ಕೆಳಗೆ ಮರದ ಗೂಟ ತೂರಿಸಲು ಎರಡು ಚೌಕ ತೂತು. ಇನ್ನೊಂದು ಬಗೆ ಉದ್ದನೆಯ ಕಂಬದಂತೆ ಇರುತ್ತದೆ. ಅರಬ್ ಕಡಲಿನ ಆಚೆ ದಡದಲ್ಲೂ ಇಂಥವೇ ಸಿಗುವುದರಿಂದ ಅದಕ್ಕೆ ಇಂಡೋ-ಅರೇಬಿಯನ್ ಲಂಗರು ಅಂತ ಹೆಸರು. ಮೊದಮೊದಲು ಇವೆಲ್ಲ ಪುರಾಣದ ದ್ವಾರಕೆಯ ಕಾಲದ್ದು ಅಂತ ಎಣಿಸಿದ್ದರು. ಆಮೇಲೆ ಬಂದ ವಿದ್ವಾಂಸರು ಬೇರೆ ರೇವುಗಳ ಲಂಗರುಗಳ ಜೊತೆ ಹೋಲಿಸಿ, ಹೆಚ್ಚಿನವು ಚಾರಿತ್ರಿಕ ಕಾಲದ್ದು ಅಂದರು. ಅಂದರೆ ಅದು ಶತಮಾನಗಳ ಕಾಲ ಹಡಗುಗಳು ಬಂದು ಹೋಗುತ್ತಿದ್ದ ರೇವು. ಇದನ್ನು ಕೇಳಿ ಕೆಲವರಿಗೆ ಬೇಸರ. ನನಗೆ ಬೇಸರ ಆಗಲಿಲ್ಲ. ಭಕ್ತಿಗೆ ಲಂಗರಿನ ಸಾಕ್ಷಿ ಬೇಕಿಲ್ಲ. ಆದರೆ ಹೆಸರಿಲ್ಲದ ನಾವಿಕರು ಅಲ್ಲಿ ಲಂಗರು ಇಳಿಬಿಟ್ಟು, ಹಗ್ಗ ಕಡಿದು ಕಳೆದುಕೊಂಡರಲ್ಲ, ಅವರಿಗೆ ಆ ಕಲ್ಲು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಹಡಗಿನ ಮರ ಎಲ್ಲಿ ಹೋಯಿತು ಅಂತ ಕೇಳಬಹುದು. ನಮ್ಮ ಬೆಚ್ಚನೆಯ ಕಡಲಲ್ಲಿ ಮರ ಕೊರೆಯುವ ಹುಳು ಇದೆ. ತೆರೆದು ಬಿದ್ದ ಹಲಗೆಯನ್ನು ಅದು ಜೇನುಗೂಡಿನ ಹಾಗೆ ಮಾಡಿಬಿಡುತ್ತದೆ. ಬೇಗ ಕೆಸರಿನಲ್ಲಿ ಹೂತ ಮರ ಮಾತ್ರ ಉಳಿಯುತ್ತದೆ, ಅಲ್ಲಿಗೆ ಗಾಳಿಯಿಲ್ಲ, ಹುಳು ಇಲ್ಲ. ಕೇರಳದ ಪಟ್ಟಣಂನಲ್ಲಿ ಸುಮಾರು 6 ಮೀಟರ್ ಉದ್ದದ ಮರದ ದೋಣಿ ಉಳಿದದ್ದು ಹಾಗೆಯೇ. ಮುಚ್ಚಿದ ಕೆಸರೇ ಕಾಯುತ್ತದೆ. ನಮ್ಮ ಒಳಕಲ್ಲಿನ ಹೊಟ್ಟೆ ತುಂಬಿದ್ದ ಆ ಕಪ್ಪು ಕೆಸರನ್ನು ಅವ್ವ ಎತ್ತಿ ಹೊರಗೆ ಹಾಕುತ್ತಿದ್ದಾಗ ನನಗೆ ಇದೇ ನೆನಪಾಗುತ್ತಿತ್ತು.

ಖಂಭಾತ್ ಕೊಲ್ಲಿಯ ಕಥೆ ಇನ್ನೊಂದು ಪಾಠ. 2001ರಲ್ಲಿ ದೊಡ್ಡ ಸುದ್ದಿಯಾಯಿತು. ಸಮುದ್ರದ ತಳದಲ್ಲಿ ಮುಳುಗಿದ ನಗರ ಇದೆ, ಅಲ್ಲಿಂದ ಬಂದ ಒಂದು ಮರದ ತುಂಡಿಗೆ ಒಂಬತ್ತು ಸಾವಿರ ವರ್ಷ ದಾಟಿದೆ ಅಂತ. ದೊಡ್ಡ ತಕರಾರು ಇದ್ದದ್ದು ಅದು ಬಂದ ಬಗೆಯ ಮೇಲೆ. ಅಲ್ಲಿ ಉಬ್ಬರದ ಸೆಳೆತ ವಿಪರೀತ, ಯಾರೂ ಇಳಿದು ನೋಡಲು ಆಗುವಂತಿರಲಿಲ್ಲ. ಯಂತ್ರದಿಂದ ತಳವನ್ನು ಬಾಚಿ ವಸ್ತುಗಳನ್ನು ಮೇಲೆತ್ತಿದ್ದರು. ಆ ಮರ ಅಲ್ಲಿಯದೇ ಅಥವಾ ಯಾವುದೋ ನದಿ ಎಲ್ಲಿಂದಲೋ ಹೊತ್ತು ತಂದದ್ದೇ? ಪಕ್ಕದಲ್ಲಿ ಏನಿತ್ತು, ಕೆಳಗೆ ಏನಿತ್ತು? ಉತ್ತರ ಇಲ್ಲ. ಬಹಳ ವಿದ್ವಾಂಸರು ಆ ಮಾತನ್ನು ಒಪ್ಪಲಿಲ್ಲ. ನನಗೂ ಅವರ ಮಾತೇ ಸರಿ ಅನ್ನಿಸುತ್ತದೆ. ಇದ್ದ ಜಾಗದಿಂದ ಕಿತ್ತ ವಸ್ತು ಬಾಯಿ ಮುಚ್ಚಿಕೊಳ್ಳುತ್ತದೆ. ಅದೇ ಒಳಕಲ್ಲನ್ನು ಯಾರೋ ತಂದು ನವನಗರದ ಬಸ್ ಸ್ಟ್ಯಾಂಡಿನಲ್ಲಿ ಇಟ್ಟಿದ್ದರೆ ಅವ್ವ ಅದನ್ನು ಗುರುತು ಹಿಡಿಯುತ್ತಿದ್ದಳು, ಒಡೆದ ಅಂಚು ಇತ್ತಲ್ಲ. ಆದರೆ ಅಲ್ಲಿಂದ ಅವಳಿಗೆ ಒಲೆ ಸಿಗುತ್ತಿರಲಿಲ್ಲ, ಹೊಸ್ತಿಲು ಸಿಗುತ್ತಿರಲಿಲ್ಲ.

ನಮ್ಮ ಜಿಲ್ಲೆಗೂ ಕಡಲಿಗೂ ಏನು ಸಂಬಂಧ ಅಂತ ಗೆಳೆಯರು ಕೇಳುತ್ತಾರೆ. ಬಯಲುಸೀಮೆ, ಬಿಸಿಲು, ಜೋಳ, ಶೇಂಗಾ. ನಾನು ಅವರನ್ನು ಐಹೊಳೆಗೆ ಕರೆದುಕೊಂಡು ಹೋಗುತ್ತೇನೆ.

ಮೇಗುತಿ ಗುಡ್ಡ ಹತ್ತಿ. ಜಿನಾಲಯದ ಗೋಡೆಯಲ್ಲಿ ರವಿಕೀರ್ತಿಯ ಶಾಸನ ಇದೆ. ಕ್ರಿ.ಶ. 634ರದ್ದು, ಇಮ್ಮಡಿ ಪುಲಕೇಶಿಯ ಹೊಗಳಿಕೆ. ಹರ್ಷನನ್ನು ಸೋಲಿಸಿದ ಸಾಲನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಪ್ರೀತಿ ಇನ್ನೊಂದು ಪದ್ಯದ ಮೇಲೆ. ಪಡುವಣ ಕಡಲಿನ ಲಕ್ಷ್ಮಿಯಂತಿದ್ದ ‘ಪುರಿ’ ಎಂಬ ಊರನ್ನು ಪುಲಕೇಶಿ ಮುತ್ತಿದ ಪದ್ಯ. ನೂರಾರು ಹಡಗುಗಳು, ಮದವೇರಿದ ಆನೆಗಳ ಹಿಂಡಿನಂತೆ ಕಂಡವಂತೆ. ಆಗ ಮೋಡ ಕವಿದ ಆಕಾಶ ಕಡಲಿನ ಹಾಗೆ ಕಂಡಿತು, ಕಡಲು ಆಕಾಶದ ಹಾಗೆ ಕಂಡಿತು ಅಂತ ಕವಿ ಹೇಳುತ್ತಾನೆ. ಆ ಪುರಿ ಮುಂಬೈ ಹತ್ತಿರದ ಘಾರಾಪುರಿ ಅಂತ ಕೆಲವರು, ಜಂಜೀರಾ ಕಡೆಯ ರಾಜಪುರಿ ಅಂತ ಕೆಲವರು. ಮೇಗುತಿ ಗುಡ್ಡದ ಮೇಲೆ ನಿಂತರೆ ಕೆಳಗೆ ಮಲಪ್ರಭೆಯ ಸಣ್ಣ ಗೆರೆ, ಸುತ್ತ ಕೆಂಪು ಕಲ್ಲು. ಇಲ್ಲಿ ನಿಂತು ಒಬ್ಬ ಕವಿ ಮಳೆಗಾಲದ ಕಡಲನ್ನು ಅಷ್ಟು ಚೆನ್ನಾಗಿ ಬರೆದ. ಕಡಲು ಕಂಡವರ ಮಾತು ಆಗ ಈ ಗುಡ್ಡದವರೆಗೆ ಬರುತ್ತಿತ್ತು.

ಇನ್ನೂ ದೊಡ್ಡ ಸಂಗತಿ ಐನೂರ್ವರದು. ಅಯ್ಯಾವೊಳೆ ಅಂದರೆ ಇದೇ ಐಹೊಳೆ. ‘ಅಯ್ಯಾವೊಳೆ ಐನೂರ್ವರು’ ಅನ್ನೋದು ವರ್ತಕರ ಸಂಘದ ಹೆಸರು. ದಕ್ಷಿಣ ಭಾರತದ ತುಂಬ ಅವರ ಶಾಸನಗಳಿವೆ. ಶಿವಮೊಗ್ಗ ಸೀಮೆಯ 11ನೇ ಶತಮಾನದ ಒಂದು ಶಾಸನ ಅವರು ನೆಲದ ದಾರಿ, ನೀರಿನ ದಾರಿ ಎರಡರಲ್ಲೂ ಹೋಗುವವರು ಅನ್ನುತ್ತದೆ. ಆನೆ, ಕುದುರೆ, ಮುತ್ತು, ಹವಳ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕೇಸರಿ. ಮಾರುವ ಸರಕಿನ ಪಟ್ಟಿ ಓದುತ್ತಿದ್ದರೆ ಮೂಗಿಗೆ ವಾಸನೆ ಬರುತ್ತದೆ.

ಈಗ ಸುಮಾತ್ರಾ ದ್ವೀಪಕ್ಕೆ ಹೋಗೋಣ. ಅದರ ಪಶ್ಚಿಮ ಕರಾವಳಿಯಲ್ಲಿ ಬಾರುಸ್ ಅಂತ ಊರು. ಅದರ ಹತ್ತಿರದ ಲೋಬು ತುವಾದಲ್ಲಿ 19ನೇ ಶತಮಾನದಲ್ಲಿ ಒಂದು ಮುರಿದ ಕಲ್ಲು ಸಿಕ್ಕಿತು. ತಮಿಳು ಶಾಸನ, ಶಕವರ್ಷ 1010, ಅಂದರೆ ಕ್ರಿ.ಶ. 1088. ಅದರಲ್ಲಿ ‘ಸಾವಿರ ದಿಕ್ಕುಗಳ ಐನೂರ್ವರು’ ಅಂತ ಇದೆ. ಹಡಗಿನ ನಾಯಕರು ಬಂದು ಇಳಿಯುವ ಮೊದಲು ಕಸ್ತೂರಿಯ ಬೆಲೆಗೆ ತಕ್ಕಂತೆ ಚಿನ್ನದ ತೆರಿಗೆ ಕೊಡಬೇಕು ಅಂತ ಅವರು ಅಲ್ಲಿ ಕಟ್ಟು ಮಾಡಿದ್ದರು. ಅಲ್ಲಿದ್ದವರು ತಮಿಳು ವರ್ತಕರು. ಆದರೆ ಅವರು ಹೊತ್ತ ಐನೂರ್ವರ ಹೆಸರು ಮಲಪ್ರಭೆಯ ದಂಡೆಯ ನಮ್ಮ ಈ ಹಳ್ಳಿಯ ಜೊತೆ ಬೆಸೆದುಕೊಂಡಿತ್ತು.

ಬಾರುಸ್‌ಗೆ ಯಾಕೆ ಹೋದರು? ಕರ್ಪೂರಕ್ಕೆ. ಅಲ್ಲಿನ ಕಾಡಿನ ಎತ್ತರದ ಮರಗಳ ಒಡಲಲ್ಲಿ ಹರಳುಗಟ್ಟುವ ಕರ್ಪೂರ ಲೋಕಕ್ಕೇ ಹೆಸರುವಾಸಿಯಾಗಿತ್ತು. ಈಗ ಬನಶಂಕರಿ ಜಾತ್ರೆಯಲ್ಲಿ ನಾವು ಹಚ್ಚುವ ಕರ್ಪೂರ ಕಾರ್ಖಾನೆಯದು. ಒಂದು ಕಾಲದಲ್ಲಿ ಅದು ಹಡಗಿನಲ್ಲಿ, ಆಮೇಲೆ ಎತ್ತಿನ ಬೆನ್ನಿನ ಮೇಲೆ, ಘಟ್ಟ ಹತ್ತಿ ನಮ್ಮ ಕಡೆ ಬರುತ್ತಿತ್ತು. ಕಡಲಿನಿಂದ ದೂರ ಇದ್ದವರೂ ಕಡಲಿನ ಜನರೇ ಆಗಿದ್ದರು. ನನ್ನ ಮಟ್ಟಿಗೆ ಐಹೊಳೆ ಒಂದು ರೇವು. ನೀರಿಲ್ಲ ಅಷ್ಟೆ.

ಬೆಳಗಾವಿ ಕಡೆ ಇದೇ ಕಥೆ ಬೇರೆ ಥರ. ಖಾನಾಪುರ ತಾಲ್ಲೂಕಿನ ಹಲಸಿಯನ್ನು ಆಳಿದ ಗೋವಾ ಕದಂಬರ ರೇವು ಗೋಪಕಪಟ್ಟಣ, ಇವತ್ತಿನ ಗೋವಾ ವೆಲ್ಹಾ. ಜುವಾರಿ ನದಿಯ ದಂಡೆಯಲ್ಲಿ ಅಲ್ಲಿನ ಚಿರೆಕಲ್ಲಿನ ಗೋಡೆಯ ಕುರುಹುಗಳು ಇಳಿತದ ಹೊತ್ತಿನಲ್ಲಿ ಕಾಣುತ್ತವೆ. ಗೋವಾದಲ್ಲಿ ಆ ಕಾಲದ ವೀರಗಲ್ಲುಗಳಲ್ಲಿ ಹಡಗಿನ ಕಾಳಗ ಕೆತ್ತಿದ್ದಾರೆ. ನಮ್ಮ ಕಡೆಯ ವೀರಗಲ್ಲಿನಲ್ಲಿ ದನ ಕಾಯ್ದು ಸತ್ತ ವೀರ ಇರುತ್ತಾನೆ, ಅಲ್ಲಿ ಹುಟ್ಟು ಹಾಕುವವರ ಸಾಲು ಇರುತ್ತದೆ. ವಿಜಯಪುರದ ಆದಿಲ್‌ಶಾಹಿಗಳಿಗೂ ಗೋವಾ ಅಂದರೆ ಅರಬ್ ಕುದುರೆ ಬರುವ ಬಾಗಿಲು. 1510ರಲ್ಲಿ ಪೋರ್ಚುಗೀಸರು ಆ ಬಾಗಿಲನ್ನು ಕಿತ್ತುಕೊಂಡರು.

ಯುನೆಸ್ಕೋ 2001ರಲ್ಲಿ ನೀರಿನ ಕೆಳಗಿನ ಪರಂಪರೆಯನ್ನು ಕಾಯಲು ಒಂದು ಒಪ್ಪಂದ ಮಾಡಿತು. ಅದರ ಮೊದಲ ಮಾತು, ಸಿಕ್ಕ ವಸ್ತುವನ್ನು ಇದ್ದಲ್ಲೇ ಉಳಿಸಲು ಆಗುತ್ತದಾ ನೋಡಿ ಅನ್ನೋದು. ಎತ್ತುವುದು ಆಮೇಲೆ. ನಾನು ಈ ಮಾತನ್ನು ಓದಿ ಬಹಳ ಒಪ್ಪಿಕೊಂಡಿದ್ದೆ. ಕೂಡಲಸಂಗಮ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಮಂಟಪವನ್ನು ಕಿತ್ತು ಬೇರೆ ಕಡೆ ಇಡಲಿಲ್ಲ. ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿದರು. ಹೊರಗೆ ನೀರು, ಒಳಗೆ ಮೆಟ್ಟಿಲಿಳಿದು ಹೋದರೆ ಮಂಟಪ. ಇಳಿಯುವಾಗ ತಂಪು ಮೈಗೆ ತಾಗುತ್ತದೆ. ಇತ್ತ ಶ್ರೀಶೈಲ ಅಣೆಕಟ್ಟಿನ ನೀರು ಏರಿದಾಗ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು, ಅದೂ ಬಾದಾಮಿ ಚಾಲುಕ್ಯರದೇ, ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ಒಯ್ದು ಮತ್ತೆ ಕಟ್ಟಿದರು. ಗುಡಿ ಉಳಿಯಿತು. ಸಂಗಮ ಇಲ್ಲದ ಸಂಗಮೇಶ್ವರನಾದ. ಎರಡೂ ಪ್ರೀತಿಯಿಂದ ಮಾಡಿದ ಕೆಲಸವೇ. ನನಗೆ ಮಾತ್ರ ಸಂಗಮದ ಬಾವಿಯೇ ಜಾಸ್ತಿ ಹಿಡಿಸುತ್ತದೆ.

ಆ ಒಪ್ಪಂದದಲ್ಲಿ ಇನ್ನೊಂದು ಮಾತಿದೆ. ಕನಿಷ್ಠ 100 ವರ್ಷ ನೀರಿನಲ್ಲಿದ್ದರೆ ಮಾತ್ರ ಅದು ಪರಂಪರೆ. ನಮ್ಮ ಓಣಿ ಮುಳುಗಿ ಇನ್ನೂ ಇಪ್ಪತ್ತು ಚಿಲ್ಲರೆ ವರ್ಷ ಅಷ್ಟೆ.

ಅವತ್ತು ಅಣ್ಣ ಗಾಡಿಯಿಂದ ಹಾರೆ ತಂದಿದ್ದ. ‘ಅವ್ವಾ, ಇದನ್ನ ಎಬ್ಬಿಸಿ ಮನಿಗೆ ಒಯ್ಯೂನು’ ಅಂದ. ಅವ್ವ ಹೂಂ ಅನ್ನುವಂತೆ ತಲೆ ಆಡಿಸಿದಳು, ಅವಳ ಮುಖದಲ್ಲಿ ಆಸೆ ಇತ್ತು. ನಾನು ಬೇಡ ಅಂದೆ. ಇದು ಇಲ್ಲಿ ಇದ್ದರೇ ಮನೆ ಸಿಗುತ್ತದೆ, ಕಿತ್ತರೆ ಮನೆ ಹೋಯಿತು ಅಂದೆ. ಲಂಗರು, ಖಂಭಾತ್, ಎಲ್ಲ ಹೇಳಿದೆ. ಅಣ್ಣನಿಗೆ ಸಿಟ್ಟು ಬಂತು. ಅವ್ವ ಸ್ವಲ್ಪ ಹೊತ್ತು ಸುಮ್ನೆ ಕೂತು, ‘ಇರಲಿ ಬಿಡು, ಮುಂದಿನ ವರ್ಷ ಮತ್ತ ಬರೂನು’ ಅಂದಳು. ತೆಗೆದ ಕೆಸರನ್ನೇ ಮತ್ತೆ ಒಳಕಲ್ಲಿಗೆ ತುಂಬಿ ಬಂದೆವು.

ಮುಂದಿನ ಬೇಸಿಗೆಯಲ್ಲಿ ಹೋದಾಗ ಅಲ್ಲಿ ದುಂಡಗಿನ ತಗ್ಗು ಇತ್ತು. ಕಲ್ಲು ಇರಲಿಲ್ಲ. ಯಾರೋ ಎಬ್ಬಿಸಿ ಒಯ್ದಿದ್ದರು. ಹಳೇ ಕಲ್ಲಿಗೆ ಈಗ ಗಿರಾಕಿಗಳಿದ್ದಾರೆ, ಅಂಗಳದಲ್ಲಿ ಗಿಡ ನೆಡಲು ಇಡುತ್ತಾರೆ. ಅಣ್ಣ ನನ್ನ ಕಡೆ ನೋಡಲಿಲ್ಲ. ಅವ್ವ ಆ ತಗ್ಗಿನ ಅಂಚಿನಲ್ಲಿ ಕೂತು ಕೈ ಆಡಿಸಿದಳು, ಏನೂ ಅನ್ನಲಿಲ್ಲ. ಅವತ್ತು ಅವಳ ಆಸೆಗೆ ಒಪ್ಪಿ ಎತ್ತಿ ತರಬೇಕಿತ್ತು. ಕಾಯುವವರು ಇದ್ದಾಗ ಮಾತ್ರ ಇದ್ದಲ್ಲೇ ಬಿಡಬಹುದು. ಸಂಗಮದಲ್ಲಿ ಗೋಡೆ ಕಟ್ಟಿದ್ದರು. ನಾನು ನಮ್ಮ ಒಳಕಲ್ಲಿಗೆ ಬರೀ ಕೆಸರು ಮುಚ್ಚಿ ಬಂದಿದ್ದೆ. ಈ ತಪ್ಪು ನನ್ನದು, ಅದು ನನಗೆ ಈಗಲೂ ಕೊರೆಯುತ್ತದೆ.

ಮೊದಲ ಸಲ ಹೋದಾಗ ನಾನು ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೆ. ಮಗಳ ಹಳೇ ಶಾಲೆಯ ನೋಟ್‌ಬುಕ್ ಜೊತೆಗಿತ್ತು, ಅದರ ಹಿಂದಿನ ಹಾಳೆಗಳಲ್ಲಿ ಎಲ್ಲ ಬರೆದುಕೊಂಡಿದ್ದೆ. ಒಳಕಲ್ಲಿನಿಂದ ಒಲೆ ಎಷ್ಟು ಹೆಜ್ಜೆ, ಗ್ವಾದಲಿ ಎಷ್ಟು, ಹಗೇವು ಯಾವ ಕಡೆ. ಪಕ್ಕದ ಮನೆ ಯಾರದು, ಅದರಾಚೆ ಯಾರದು. ಅದು ಈಗ ಹನ್ನೆರಡು ಹಾಳೆಯ ನಕ್ಷೆಯಾಗಿದೆ. ನವನಗರದ ಬೇರೆ ಬೇರೆ ಸೆಕ್ಟರ್‌ಗಳಲ್ಲಿ ಹಂಚಿ ಹೋದ ನಮ್ಮ ಓಣಿಯ ಹಿರಿಯರ ಹತ್ತಿರ ಹೋಗಿ ಕೂಡುತ್ತೇನೆ. ಬಾವಿ ಎಲ್ಲಿತ್ತು, ಕಾಮಣ್ಣನ ಕಟ್ಟಿಗೆ ಎಲ್ಲಿ ಕೂಡಿಸುತ್ತಿದ್ದರು, ನೀರು ಮೊದಲು ಯಾರ ಮನೆಗೆ ಬಂತು. ಒಬ್ಬರು ಹೇಳಿದ್ದು ಇನ್ನೊಬ್ಬರದಕ್ಕೆ ಹೊಂದದಿದ್ದರೆ ಎರಡನ್ನೂ ಬರೆಯುತ್ತೇನೆ.

ಕೃಷ್ಣಾ ನ್ಯಾಯಮಂಡಳಿಯ 2010ರ ತೀರ್ಪು ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಅವಕಾಶ ಕೊಟ್ಟಿದೆ. ಆ ಮಟ್ಟಕ್ಕೆ ನೀರು ಏರಿದರೆ ಇನ್ನೂ ಎಷ್ಟೋ ಹಳ್ಳಿ, ಹೊಲ ಒಳಗೆ ಹೋಗುತ್ತವೆ. ಆ ಊರುಗಳ ಹುಡುಗರಿಗೆ ನಾನು ಕೈ ಮುಗಿದು ಕೇಳುವುದು ಇಷ್ಟೇ. ಪರಿಹಾರದ ಕಾಗದ ಹಿಡಿದು ಓಡಾಡುವ ದಿನಗಳಲ್ಲೇ ಒಂದು ನೋಟ್‌ಬುಕ್ಕನ್ನೂ ಹಿಡಿಯಿರಿ. ನಿಮ್ಮ ಅವ್ವಂದಿರನ್ನು ಮುಂದೆ ನಡೆಯಲು ಬಿಡಿ. ಅವರು ಹೇಳಿದ ಹಾಗೆ ಹೆಜ್ಜೆ ಎಣಿಸಿ.

ಕಳೆದ ವಾರ ರಾತ್ರಿ ಊಟ ಆದಮೇಲೆ ಅವ್ವ ನೋಟ್‌ಬುಕ್ ಕೇಳಿದಳು. ಕನ್ನಡಕ ಹಾಕಿಕೊಂಡು ನಮ್ಮ ಮನೆಯ ಹಾಳೆ ತೆಗೆದಳು. ಬಹಳ ಹೊತ್ತು ನೋಡಿದಳು. ಆಮೇಲೆ ಒಲೆಗೂ ಒಳಕಲ್ಲಿಗೂ ನಡುವೆ ಬೆರಳಿಟ್ಟು, ‘ಇಲ್ಲಿ ಗ್ವಾಡಿಯೊಳಗ ಒಂದು ಗೂಡು ಇತ್ತು, ದೀಪ ಇಡತಿದ್ದೆ. ಅದನ್ನ ಬರದಿಲ್ಲ ನೀ’ ಅಂದಳು. ಪೆನ್ಸಿಲ್ ತೆಗೆದುಕೊಂಡು ಅಲ್ಲಿ ಸಣ್ಣ ಚೌಕ ಹಾಕಿದೆ.

‘ಇನ್ನೊಂಚೂರು ಮ್ಯಾಲೆ’ ಅಂದಳು.